ಶನಿವಾರದ ಎಡಿಟಿಂಗ್ ಕ್ಲಾಸ್: ರಾ ಫೈಲ್ ಮರೆಯಬೇಡಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 10ಕ್ಕೆ ಫೋಟೋಶಾಪ್ ಪ್ರಾಕ್ಟಿಕಲ್ ಇದೆ. ಎರಡೂ ಬ್ಯಾಚ್‌ನವರು ಬರಬೇಕು. ದೇವರಾಯನದುರ್ಗದಲ್ಲಿ ತೆಗೆದ ಫೋಟೋಗಳ ಮೇಲೇ ಕೆಲಸ.

ಪೆನ್‌ಡ್ರೈವ್‌ನಲ್ಲಿ ರಾ ಫೈಲನ್ನೇ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ತನ್ನಿ. ಮಾಮೂಲಿ ಜೆಪೆಗ್ ಫೋಟೋದಲ್ಲಿ ಒಂದೊಂದು ಬಣ್ಣಕ್ಕೆ ಹೊಳಪಿನ 256 ಹಂತ ಅಷ್ಟೇ, 14 ಬಿಟ್ ರಾನಲ್ಲಿ 16,384. ಬಿಳಿಚಿದ ಆಕಾಶದಲ್ಲಿ ಮೋಡ ಕಾಣಿಸಬೇಕಲ್ವಾ? ಅದಕ್ಕೇ ಇಷ್ಟು ಹಂತ ಬೇಕು. ವಾಟ್ಸಾಪ್‌ನಲ್ಲಿ ಕಳಿಸಿಕೊಂಡ ಫೋಟೋ ಅಂತೂ ಬೇಡವೇ ಬೇಡ.

ಲೇಯರ್ ಮಾಸ್ಕ್ (ಫೋಟೋದ ಭಾಗವನ್ನು ಅಳಿಸದೆ ಮರೆಮಾಡುವ ಪದರ) ಒಮ್ಮೆ ನೋಡಿಕೊಂಡು ಬನ್ನಿ. ಕಪ್ಪು ಬಳಿದರೆ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಎರೇಸರ್ ಮುಟ್ಟಬೇಡಿ! ನಾನು ಹೋದ ಸಲ ಅದರಲ್ಲೇ ಉಜ್ಜಿ, ಸೇವ್ ಮಾಡಿ, ಬಂಡೆ ಮೇಲಿನ ಕೋತಿಯ ಬಾಲ ಕಳೆದೆ.

ಲ್ಯಾಬ್‌ನಲ್ಲಿ ಸಿಸ್ಟಮ್ ಕಡಿಮೆ. ಲ್ಯಾಪ್‌ಟಾಪ್ ತರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಿದರೆ ಲೆಕ್ಕ ಸಿಗುವುದಿಲ್ಲ.