ಪುಟ್ಟ ಬಸ್ಸಿಗೂ ಧೂಳು ಬೇಕು

ಮಾನ್ಯ ಸಂಪಾದಕರೇ,

ಬಸ್ಸಿನ ಪುಟ್ಟ ಮಾದರಿ ಮಾಡುವ ಹುಡುಗರ ಬಗ್ಗೆ ನಿಮ್ಮ ಭಾನುವಾರದ ಪುಟದಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಒಂದೇ ತಕರಾರು. ಫೋಟೋದಲ್ಲಿದ್ದ ಬಸ್ಸುಗಳೆಲ್ಲ ಆಯುಧಪೂಜೆಗೆ ತೊಳೆದು ನಿಲ್ಲಿಸಿದ ಹಾಗಿದ್ದವು. ನಮ್ಮ ಮಲೆನಾಡಿನಲ್ಲಿ ಓಡುವ ಕೆಂಪು ಬಸ್ ಹಾಗಿರುತ್ತಾ?

ನಾನೂ 1:24 ಅಳತೆಯಲ್ಲಿ ಬಸ್ ಕಟ್ಟುವವನೇ. 12 ಮೀಟರ್ ಬಸ್ಸು ನನ್ನ ಮೇಜಿನ ಮೇಲೆ 50 ಸೆಂಟಿಮೀಟರ್ ಆಗುತ್ತದೆ. ಒಮ್ಮೆ ಒಂದು ಪ್ರದರ್ಶನಕ್ಕೆ ಒಯ್ದಿದ್ದೆ. ತೀರ್ಪುಗಾರರೊಬ್ಬರು ಬಗ್ಗಿ ನೋಡಿ, "ಚೆನ್ನಾಗಿದೆ, ಸ್ವಲ್ಪ ಒರೆಸಿ ತರಬಾರದಿತ್ತಾ?" ಅಂದರು. ಆ ಕೊಳೆ ಹಚ್ಚುವುದಕ್ಕೇ ನನಗೆ ಮೂರು ವಾರ ಹಿಡಿದಿತ್ತು ಸ್ವಾಮಿ! ಮಾದರಿ ನಿಜದ ಹಾಗೆ ಕಾಣಲಿ ಅಂತ ಹೀಗೆ ಬೇಕೆಂದೇ ಧೂಳು, ತುಕ್ಕು ಹಚ್ಚುವುದಕ್ಕೆ ವೆದರಿಂಗ್ ಅಂತಾರೆ.

ಮೊದಲು ನಾನೂ ದಡ್ಡತನ ಮಾಡಿದ್ದೆ. ಅಂಗಳದ ಮಣ್ಣನ್ನೇ ಜರಡಿ ಹಿಡಿದು ಅಂಟಿಸಿದೆ. ಒಂದು ಮಿಲಿಮೀಟರ್ ಹರಳು ಈ ಅಳತೆಯಲ್ಲಿ 24 ಮಿಲಿಮೀಟರ್ ಕಲ್ಲು ಆಗುತ್ತದೆ, ಅಂದರೆ ಬಸ್ಸಿನ ಮೇಲೆ ಜಲ್ಲಿ ಸುರಿದ ಹಾಗೆ ಕಂಡಿತು. ಈಗ ಡ್ರಾಯಿಂಗಿನ ಪೇಸ್ಟಲ್ ಚಾಕನ್ನು ಸ್ಯಾಂಡ್‌ಪೇಪರಿಗೆ ಉಜ್ಜಿ, ಆ ಪುಡಿಯನ್ನು ಮೆತ್ತನೆಯ ಬ್ರಷ್‌ನಲ್ಲಿ ಹಚ್ಚುತ್ತೇನೆ. ತುಕ್ಕು ಬೇಕಾದರೆ ಅಡುಗೆಮನೆಯ ಉಪ್ಪು ಸಾಕು. ಮೊದಲು ತುಕ್ಕಿನ ಬಣ್ಣ ಹೊಡೆದು ಒಣಗಿಸಿ, ನೀರು ಸವರಿ ಅಲ್ಲಲ್ಲಿ ಉಪ್ಪು ಉದುರಿಸಿ, ಅದೂ ಪೂರ್ತಿ ಒಣಗಿದ ಮೇಲೆ ಮೇಲಿನ ಬಣ್ಣ ಸ್ಪ್ರೇ ಮಾಡಬೇಕು. ಆಮೇಲೆ ಉಪ್ಪನ್ನು ಉಜ್ಜಿ ತೆಗೆದರೆ ಬಣ್ಣ ಎದ್ದುಹೋದ ಕಲೆಗಳು ತಾವಾಗಿಯೇ ಕಾಣುತ್ತವೆ. ಆದರೆ ನಿಜವಾದ ಬಸ್ಸಿನಲ್ಲಿ ಅಲ್ಯೂಮಿನಿಯಂ ತಗಡು ಇರುವ ಕಡೆ ಕೆಂಪು ತುಕ್ಕು ಹಚ್ಚಬೇಡಿ, ಅಲ್ಯೂಮಿನಿಯಂಗೆ ಅದು ಹಿಡಿಯುವುದೇ ಇಲ್ಲವಲ್ಲ!

ನಿಜವಾದ ಕಷ್ಟ ಬಣ್ಣದ್ದಲ್ಲ, ನೋಡುವುದರದ್ದು. ಬಸ್ ಓಡುವಾಗ ಹಿಂದೆ ಗಾಳಿ ಸುಳಿ ಸುತ್ತಿ ಧೂಳನ್ನೆಲ್ಲ ಹಿಂಬದಿಗೇ ಎಳೆದು ಮೆತ್ತುತ್ತದೆ, ಹಾಗಾಗಿ ಮೂತಿಗಿಂತ ಬೆನ್ನೇ ಜಾಸ್ತಿ ಕೊಳೆ. ಮುಂದಿನ ಗಾಜಿನಲ್ಲಿ ವೈಪರ್ ಆಡಿದಷ್ಟು ಜಾಗ ಮಾತ್ರ ಚೊಕ್ಕ. ಕಿಟಕಿಯ ಮೂಲೆಯಿಂದ ಮಳೆನೀರಿನ ಗೆರೆ ಕೆಳಗೇ ಇಳಿಯಬೇಕು, ಅಡ್ಡ ಅಲ್ಲ. ಇದನ್ನೆಲ್ಲ ಕಲಿಯಲು ಬಸ್‌ ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ನಿಂತಿದ್ದೇನೋ, ಕಂಡಕ್ಟರುಗಳು "ಎಲ್ಲಿಗೆ ಸಾರ್?" ಅಂತ ಕೇಳಿ ಕೇಳಿ ಸುಮ್ಮನಾದರು.

ಮುಂದಿನ ಸಲ ಇಂಥ ಬರಹ ಹಾಕುವಾಗ ಒಂದಾದರೂ ಕೊಳೆ ಬಸ್ಸಿನ ಫೋಟೋ ಹಾಕಿ. ಹಿಂಬದಿಯಿಂದ ತೆಗೆದದ್ದಾದರೆ ಇನ್ನೂ ಒಳ್ಳೆಯದು.

— ಒಬ್ಬ ಓದುಗ, ಸಾಗರ