ಆಲಿವ್ ಎಣ್ಣೆಯ ವಿಚಾರವಾಗಿ ಅಪ್ಪನಿಗೆ

ಕೊರ್ದೊಬಾ, ಸ್ಪೇನ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮಂಡ್ಯದಲ್ಲಿ ನೀವು, ಅಮ್ಮ, ಅಜ್ಜಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಸಕ್ಕರೆ ಕಾಯಿಲೆಯ ಜೊತೆಗೆ ಈ ಸಲ ಕೊಲೆಸ್ಟರಾಲ್ ಕೂಡ ಏರಿದೆಯೆಂದೂ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ದೊಡ್ಡ ಚಮಚ ಆಲಿವ್ ಎಣ್ಣೆ ಕುಡಿದರೆ ಎಲ್ಲವೂ ಇಳಿಯುತ್ತದೆಂದು ವಾಕಿಂಗ್‌ನಲ್ಲಿ ಯಾರೋ ಹೇಳಿದರೆಂದೂ ಅಮ್ಮ ತಿಳಿಸಿದರು. ಆಲಿವ್ ತೋಟಗಳ ನಡುವಿನ ಊರಿನಲ್ಲಿದ್ದುಕೊಂಡು ಇದಕ್ಕೆ ಫೋನಿನಲ್ಲಿ ಎರಡೇ ಮಾತಿನ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಕುಡಿಯುವುದು ಬೇಡ ಅಪ್ಪ. ಬೇರೆ ಕೊಬ್ಬನ್ನು ತೆಗೆದು ಅದರ ಜಾಗದಲ್ಲಿ ಬಳಸಿದಾಗ ಈ ಎಣ್ಣೆಯಿಂದ ಹೃದಯಕ್ಕೆ ಒಳ್ಳೆಯದಾಗುತ್ತದೆ. ಈಗ ಉಣ್ಣುತ್ತಿರುವುದರ ಮೇಲೆ ಎರಡು ಚಮಚ ಸೇರಿಸಿದರೆ ಮಾತ್ರ ದಿನಕ್ಕೆ ಸುಮಾರು 240 ಕ್ಯಾಲೊರಿ ಹೆಚ್ಚಾಗಿ, ತೂಕ ಏರಿ, ಸಕ್ಕರೆಯ ಹತೋಟಿಯೇ ತಪ್ಪಬಹುದು.

ಈ ಎಣ್ಣೆಗೆ ಇಷ್ಟು ಹೆಸರು ಬರಲು ಮುಖ್ಯ ಕಾರಣ ಸ್ಪೇನಿನಲ್ಲೇ ನಡೆದ ಪ್ರೆಡಿಮೆಡ್ ಎಂಬ ಅಧ್ಯಯನ. 55ರಿಂದ 80 ವರ್ಷದೊಳಗಿನ, ಹೃದ್ರೋಗ ಇನ್ನೂ ಬಾರದಿದ್ದರೂ ನಿಮ್ಮಂತೆ ಸಕ್ಕರೆ ಕಾಯಿಲೆಯೋ ಅಥವಾ ರಕ್ತದೊತ್ತಡ, ಕೊಲೆಸ್ಟರಾಲ್, ಬೊಜ್ಜಿನಂತಹ ಹಲವು ತೊಂದರೆಗಳೋ ಇದ್ದ 7,447 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿನ ಪ್ರತಿ ಮನೆಗೂ ವಾರಕ್ಕೆ ಒಂದು ಲೀಟರಿನಷ್ಟು ಎಕ್ಸ್‌ಟ್ರಾ ವರ್ಜಿನ್, ಅಂದರೆ ರಾಸಾಯನಿಕ ಬಳಸದೆ ಕಾಯಿಯಿಂದ ನೇರವಾಗಿ ತೆಗೆದ ಮೇಲ್ದರ್ಜೆಯ ಆಲಿವ್ ಎಣ್ಣೆ ಕೊಟ್ಟರು; ಇನ್ನೊಂದಕ್ಕೆ ಬಾದಾಮಿ, ಆಕ್ರೋಟಿನಂತಹ ಬೀಜಗಳನ್ನು ಕೊಟ್ಟು, ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಲು ಹೇಳಿದರು. 2013ರಲ್ಲಿ ಪ್ರಕಟವಾದ ಈ ವರದಿಯನ್ನು, ಕೆಲವು ಕಡೆ ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ಲೋಪ ಕಂಡುಬಂದದ್ದರಿಂದ ಹಿಂತೆಗೆದುಕೊಂಡು, 2018ರಲ್ಲಿ ಹೊಸದಾಗಿ ಲೆಕ್ಕ ಹಾಕಿ ಮತ್ತೆ ಪ್ರಕಟಿಸಿದರು. ಆಗಲೂ ಆಲಿವ್ ಎಣ್ಣೆಯ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವು ಒಟ್ಟಾಗಿ ಸುಮಾರು ಶೇಕಡಾ 30ರಷ್ಟು ಕಡಿಮೆಯೆಂದೇ ಬಂತು. ಶೇಕಡಾ 30 ಎಂದಾಗ ಬಹಳ ದೊಡ್ಡದೆನಿಸುತ್ತದೆ; ಅದು ಪ್ರತಿಯೊಬ್ಬರನ್ನೂ ಎಷ್ಟು ಕಾಲ ಗಮನಿಸಿದರೆಂಬುದನ್ನೂ ಸರಿಹೊಂದಿಸಿ ಹಾಕಿದ ಲೆಕ್ಕ. ಬರೀ ತಲೆ ಎಣಿಸಿ ನೋಡಿದರೆ, ಸುಮಾರು ಐದು ವರ್ಷಗಳಲ್ಲಿ ಕೊಬ್ಬು ಕಡಿಮೆ ಮಾಡಲು ಹೇಳಿದ 2,450 ಜನರಲ್ಲಿ 109 ಮಂದಿಗೆ ಇಂತಹ ತೊಂದರೆಯಾದರೆ, ಆಲಿವ್ ಎಣ್ಣೆ ಪಡೆದ 2,543 ಜನರಲ್ಲಿ 96 ಮಂದಿಗೆ ಆಯಿತು. ಲಾಭ ನಿಜವಾದದ್ದೇ, ಪವಾಡವಲ್ಲ. ಅಲ್ಲದೆ ಆ ಜನ ಎಣ್ಣೆಯೊಂದನ್ನೇ ನಂಬಿ ಕೂತವರಲ್ಲ, ತರಕಾರಿ, ಕಾಳು, ಹಣ್ಣು, ಮೀನು ಹೆಚ್ಚಿಸಿ ಬೇಕರಿ ತಿಂಡಿ ಬಿಟ್ಟವರು.

ನಾನಿರುವ ಈ ಕೊರ್ದೊಬಾದ ರೇನಾ ಸೋಫಿಯಾ ಆಸ್ಪತ್ರೆಯಲ್ಲಿ ಈಗಾಗಲೇ ಹೃದ್ರೋಗವಿದ್ದ 1,002 ಜನರನ್ನು ಏಳು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇಂತಹ ಊಟವೇ ಕಡಿಮೆ ಕೊಬ್ಬಿನ ಊಟಕ್ಕಿಂತ ಮೇಲೆಂದು ಕಂಡಿತು. ಸಕ್ಕರೆ ಕಾಯಿಲೆಯ ವಿಷಯದಲ್ಲಿ, ಪ್ರೆಡಿಮೆಡ್‌ನಲ್ಲಿ ಆಲಿವ್ ಎಣ್ಣೆಯ ಗುಂಪಿನವರಿಗೆ ಆ ಕಾಯಿಲೆ ಹೊಸದಾಗಿ ಬರುವುದು ಕಡಿಮೆಯಾಗಿತ್ತು. ಅದು ಅಣ್ಣನಿಗೆ ಉಪಯೋಗಕ್ಕೆ ಬರುವ ಮಾತು. ನೀವು ಯಾವ ಎಣ್ಣೆ ಬಳಸಿದರೂ ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು.

ಇಲ್ಲಿ ನವೆಂಬರಿನಲ್ಲಿ ಕೊಯ್ಲಿನ ಸಮಯಕ್ಕೆ ಗಾಣಕ್ಕೆ ಹೋಗಿದ್ದೆ. ಕಾಯಿಯನ್ನು ಬೀಜಸಮೇತ ಅರೆದು, ಆ ಮುದ್ದೆಯನ್ನು ಹದವಾಗಿ ಕಲಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಎಣ್ಣೆಯನ್ನು ಬೇರ್ಪಡಿಸುತ್ತಾರೆ. ಹಚ್ಚಹಸಿರಾದ ಹೊಸ ಎಣ್ಣೆಯನ್ನು ಬ್ರೆಡ್ಡಿಗೆ ಸುರಿದು ಕೊಟ್ಟರು. ಮೊದಲು ಹಸಿ ಎಲೆಯ ವಾಸನೆ, ಆಮೇಲೆ ನಾಲಿಗೆಗೆ ಕಹಿ, ನುಂಗಿದ ಮೇಲೆ ಮೆಣಸು ಅಗಿದಂತೆ ಗಂಟಲಲ್ಲಿ ಉರಿದು ಕೆಮ್ಮು. ಆ ಉರಿಗೆ ಕಾರಣವಾದ ಓಲಿಯೊಕ್ಯಾಂಥಾಲ್ ಮತ್ತು ಅದರ ಬಳಗದ ಪಾಲಿಫಿನಾಲ್‌ಗಳೆಂಬ ಸಸ್ಯಜನ್ಯ ವಸ್ತುಗಳು ರಕ್ತದಲ್ಲಿನ ಕೊಬ್ಬು ಆಕ್ಸಿಡೀಕರಣಗೊಂಡು ಕೆಡದಂತೆ ಕಾಯುತ್ತವೆ. ಎಣ್ಣೆಯ ಸುಮಾರು ಮುಕ್ಕಾಲು ಪಾಲಿರುವ ಓಲಿಯಿಕ್ ಆಮ್ಲವೆಂಬ ಕೊಬ್ಬಿನ ಕೆಲಸ ಬೇರೆ: ಬೆಣ್ಣೆ, ವನಸ್ಪತಿ, ಪಾಮಾಯಿಲ್‌ಗಳ ಕೊಬ್ಬಿನ ಜಾಗಕ್ಕೆ ಅದು ಬಂದಾಗ ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಇಳಿಯುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಪೊಮೇಸ್ ಎಣ್ಣೆ, ಗಾಣದಲ್ಲಿ ಉಳಿದ ಹಿಂಡಿಯಿಂದ ರಾಸಾಯನಿಕ ಬಳಸಿ ತೆಗೆದು ಶುದ್ಧೀಕರಿಸಿದ್ದು. ಓಲಿಯಿಕ್ ಆಮ್ಲ ಅದರಲ್ಲೂ ಇರುತ್ತದೆ, ಗಂಟಲು ಉರಿಸುವ ಗುಣ ಹೆಚ್ಚುಕಡಿಮೆ ಹೋಗಿರುತ್ತದೆ. ‘ಎಕ್ಸ್‌ಟ್ರಾ ಲೈಟ್’ ಎಂದು ಬರೆದಿರುವುದರಲ್ಲಿ ಬಣ್ಣ, ರುಚಿ ಹಗುರವೇ ಹೊರತು ಕ್ಯಾಲೊರಿ ಒಂದಿಷ್ಟೂ ಕಡಿಮೆಯಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಒಗ್ಗರಣೆಗೆ, ಪಲ್ಯಕ್ಕೆ ಅಮ್ಮ ಗಾಣದಿಂದ ತರಿಸುವ ಕಡಲೆಕಾಯಿ ಎಣ್ಣೆಯೇ ಇರಲಿ. ಅದರಲ್ಲಿಯೂ ಅರ್ಧದ ಹತ್ತಿರ ಓಲಿಯಿಕ್ ಆಮ್ಲವೇ ಇದೆ. ಆದರೆ ಮನೆಯ ಮೂವರಿಗೆ ತಿಂಗಳಿಗೆ 4 ಲೀಟರ್ ಎಂದರೆ ತಲೆಗೆ ದಿನಕ್ಕೆ 40 ಗ್ರಾಂ ಆಗುತ್ತದೆ, ಅದನ್ನು ಮೂರು ಲೀಟರಿಗಿಂತ ಕೆಳಗೆ ತನ್ನಿ. ಎಕ್ಸ್‌ಟ್ರಾ ವರ್ಜಿನ್ ಕೊಳ್ಳಲೇಬೇಕೆಂದಿದ್ದರೆ ಕಪ್ಪು ಗಾಜಿನ ಸಣ್ಣ ಬಾಟಲಿ ಕೊಂಡು, ಕೋಸಂಬರಿಗೋ ಬೇಯಿಸಿದ ತರಕಾರಿಗೋ ಒಂದು ಚಮಚ ಹಾಕಿ, ಅಷ್ಟೇ ಎಣ್ಣೆಯನ್ನು ಅಡುಗೆಯಲ್ಲಿ ಕಡಿಮೆ ಮಾಡಿ. ಸಂಜೆಯ ಮದ್ದೂರು ವಡೆ, ಬೇಕರಿಯ ಪಫ್ಸ್ ನಿಂತರೆ ನಾನು ಇಲ್ಲಿಂದ ಯಾವ ಬಾಟಲಿ ಕಳುಹಿಸಿದರೂ ಆಗದಷ್ಟು ಪ್ರಯೋಜನವಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಮುದ್ದೆ ಸ್ವಲ್ಪ ಚಿಕ್ಕದಾಗಿ, ಸೊಪ್ಪು ಕಾಳಿನ ಬಸ್ಸಾರು ಧಾರಾಳವಾಗಿ ಇರುವ ನಮ್ಮ ಊಟ ಇಲ್ಲಿಯ ವೈದ್ಯರು ಹೊಗಳುವ ಊಟಕ್ಕೆ ದೂರದ್ದೇನಲ್ಲ.

ಮೂರು ತಿಂಗಳ ಸಕ್ಕರೆ ಪರೀಕ್ಷೆ ಮತ್ತು ಎಲ್‌ಡಿಎಲ್ ವರದಿ ಬಂದ ಕೂಡಲೇ ಫೋಟೊ ತೆಗೆದು ಕಳುಹಿಸಿರಿ. ಈಗಾಗಲೇ ಬಾಟಲಿ ಕೊಂಡಿದ್ದರೆ ಅದರ ಲೇಬಲ್ಲನ್ನೂ ಕಳುಹಿಸಿರಿ, ಯಾವ ಎಣ್ಣೆಯೆಂದು ನೋಡಿ ಹೇಳುತ್ತೇನೆ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳು.

ಇಂತಿ ನಿಮ್ಮ ಪ್ರೀತಿಯ ಮಗಳು