ಆತಕೂರಿನ ಕಲ್ಲಿನಿಂದ ಶುರು ಮಾಡು

ಚಿ. ಸುಮಾಳಿಗೆ ಸೋದರಮಾವನ ಆಶೀರ್ವಾದಗಳು.

ರಾಷ್ಟ್ರಕೂಟರ ಪಾಠ ಎಂದರೆ ಮಕ್ಕಳು ಆಕಳಿಸುತ್ತಾರೆ ಎಂದು ಬರೆದಿದ್ದೀಯ. ವಂಶಾವಳಿಯಿಂದ ಹೊರಟರೆ ಆಕಳಿಸದೆ ಇನ್ನೇನು ಮಾಡುತ್ತಾರಮ್ಮ? ದಂತಿದುರ್ಗನಿಂದ ಮೂರನೇ ಕೃಷ್ಣನಿಗೆ ಬರುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತದೆ. ಈ ಸಲ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಿಂದ, ಅಂದರೆ ಆ ಕೃಷ್ಣನ ಕಾಲದ ಶಾಸನವಿರುವ ಕಲ್ಲಿನಿಂದ ಶುರು ಮಾಡು. ಅದೀಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ನಾಲ್ಕು ಮಕ್ಕಳಿಗೆ ಒಂದರಂತೆ ಅದರ ಫೋಟೊ ಕೊಡು. ಹೆಸರು, ಇಸವಿ ಏನನ್ನೂ ಹೇಳಬೇಡ. ನಾಯಿಯೂ ಹಂದಿಯೂ ಕಾದಾಡುವ ಕೆತ್ತನೆ ಅದು. ‘ಕಂಡದ್ದು’, ‘ಊಹಿಸಿದ್ದು’ ಎಂದು ಎರಡು ಕಾಲಂ ಹಾಕಿಸಿ 7 ನಿಮಿಷ ಬಿಡು. ಓದಲು ತಡವರಿಸುವ ಮಗುವೂ ಇಲ್ಲಿ ಬಾಯಿ ಬಿಡುತ್ತದೆ, ಏಕೆಂದರೆ ನೋಡುವುದಕ್ಕೆ ಅಕ್ಷರ ಬೇಡ.

ಆಮೇಲೆ ಶಾಸನದ ಸಾರವನ್ನು ಐದಾರು ಸಣ್ಣ ವಾಕ್ಯಗಳಲ್ಲಿ ನೀನೇ ಗಟ್ಟಿಯಾಗಿ ಓದು. ಕಾಳಗದಲ್ಲಿ ಮೆರೆದ ಮಣಲೇರನಿಗೆ ಒಡೆಯ ‘ಬೇಡಿಕೊ’ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿ ಮಾಡಿದ ಪಾಪ ತಟ್ಟುತ್ತದಂತೆ! ಈ ವಾಕ್ಯ ಬಿಡಬೇಡ, ಮಕ್ಕಳು ಮರೆಯುವುದಿಲ್ಲ.

ಎಡವುವುದು ಇಲ್ಲೇ. ನಾಯಿಯ ಕಥೆಗೆ ಖುಷಿಪಟ್ಟು ಪಾಠ ಅಲ್ಲಿಗೇ ನಿಂತುಬಿಡುತ್ತದೆ. ಆದ್ದರಿಂದ ‘ಯಾವ ಕಾಳಗ?’ ಎಂದು ತಕ್ಷಣ ಕೇಳು. ಬೋರ್ಡಿನ ಮೇಲೆ ನಕ್ಷೆ ಬರೆದು ಇಂದಿನ ತಮಿಳುನಾಡಿನ ತಕ್ಕೋಲವನ್ನು ಗುರುತಿಸು. ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಒಂದು ಕಡೆ, ಚೋಳ ರಾಜಾದಿತ್ಯ ಇನ್ನೊಂದು ಕಡೆ. ರಾಜಾದಿತ್ಯನನ್ನು ಕೊಂದವನು ಬೂತುಗ ಎನ್ನುತ್ತದೆ ಈ ಕಲ್ಲು. ಚೋಳರ ಲೇಡನ್ ತಾಮ್ರಪಟವೋ, ಆನೆಯ ಮೇಲಿದ್ದ ರಾಜಾದಿತ್ಯ ಕೃಷ್ಣನ ಬಾಣಕ್ಕೆ ಬಿದ್ದ ಎನ್ನುತ್ತದೆ. ಎರಡನ್ನೂ ಅಕ್ಕಪಕ್ಕ ಬರೆದು, ಯಾರು ಯಾರಿಗಾಗಿ ಬರೆಸಿದ್ದು ಎಂದು ಚರ್ಚೆಗೆ ಬಿಡು. ಇದಕ್ಕೆ 15 ನಿಮಿಷ ಕೊಟ್ಟರೂ ದಂಡವಲ್ಲ. ಉತ್ತರ ನೀನು ಹೇಳಿಬಿಟ್ಟರೆ ಮಾತ್ರ ಚರ್ಚೆ ಅಲ್ಲಿಗೆ ಸತ್ತಂತೆ.

ಇಸವಿ ಕೊನೆಗೆ. ಕಲ್ಲಿನಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. 78 ಕೂಡಿಸಿದರೆ ಕ್ರಿ.ಶ. 950 ಬರುತ್ತದೆ. ಆದರೆ ಸೌಮ್ಯ ಸಂವತ್ಸರ ನಡೆದದ್ದು 949ರ ಯುಗಾದಿಯಿಂದ 950ರ ಯುಗಾದಿಯವರೆಗೆ. ಪುಸ್ತಕಗಳಲ್ಲಿ 949–50 ಎಂದು ಇರುವುದು ಅದಕ್ಕೇ. ಪರೀಕ್ಷೆಗೆ ಬೇಕಾದ ವಂಶಾವಳಿಯನ್ನು ಮರುದಿನ ಮಾಡು. ಅಷ್ಟು ಹೊತ್ತಿಗೆ ಕೃಷ್ಣ ಅವರಿಗೆ ಪರಿಚಿತನಾಗಿರುತ್ತಾನೆ.

ನಿಮ್ಮೂರಿನ ಸುತ್ತ ವೀರಗಲ್ಲು ಇದ್ದರೆ ಮಕ್ಕಳನ್ನು ಬೆಳಗ್ಗೆಯೇ ಕರೆದುಕೊಂಡು ಹೋಗು, ಓರೆ ಬಿಸಿಲಿಗೆ ಕೆತ್ತನೆ ಎದ್ದು ಕಾಣುತ್ತದೆ. ಮೂರು ಪಟ್ಟಿಕೆಯ ಕಲ್ಲಾದರೆ ಕೆಳಗಿನಿಂದ ಮೇಲಕ್ಕೆ ಓದಿಸು: ಕಾಳಗ, ಅಪ್ಸರೆಯರು ವೀರನನ್ನು ಒಯ್ಯುವುದು, ಕೊನೆಗೆ ದೇವರ ಸನ್ನಿಧಿ. ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜಲು, ಕಲ್ಲಿನಿಂದ ಕೆರೆಯಲು ಮಾತ್ರ ಬಿಡಬೇಡ. ಬಿಸಿಲು ಇಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಸು, ಸಾಕು.

ಇಂತಿ,
ನಿನ್ನ ಮಾವ